ಮುರುಗಮಲ್ಲದಿಂದ ಕಡಲಾಳಕ್ಕೆ: ರಿಬ್ರೀದರ್ ಡೈವಿಂಗ್ ಕಲಿಯಬೇಕೆನ್ನುವವರಿಗೆ

ನಮ್ಮ ಬಯಲುಸೀಮೆಯಲ್ಲಿ ಹಳೆಯ ಬಾವಿಯ ಹೂಳು ತೆಗೆಯಲು ಇಳಿಯುವ ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಕೆಳಗೆ ಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಅಂದು ಯಾರೂ ಇಳಿಯುವಂತಿರಲಿಲ್ಲ. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರಬೇಕಾದ ಆಮ್ಲಜನಕ 16ರ ಹತ್ತಿರಕ್ಕೆ ಇಳಿದರೆ ಎಣ್ಣೆದೀಪ ಉರಿಯುವುದಿಲ್ಲ. ಇನ್ನೂ ಇಳಿದು 10ರ ಆಸುಪಾಸಿಗೆ ಬಂದರೆ ಮನುಷ್ಯನಿಗೆ ಪ್ರಜ್ಞೆ ಉಳಿಯುವುದಿಲ್ಲ. ದೀಪ ಉರಿಯಿತೆಂದ ಮಾತ್ರಕ್ಕೆ ಬಾವಿ ಸುರಕ್ಷಿತವೂ ಅಲ್ಲ. ಕೊಳೆತ ಹೂಳಿನಿಂದ ಏಳುವ ವಿಷಾನಿಲ ದೀಪಕ್ಕೆ ತಿಳಿಯುವುದಿಲ್ಲ. ಆದರೂ ಆ ಪದ್ಧತಿಯಲ್ಲಿ ಒಂದು ದೊಡ್ಡ ತಿಳಿವಳಿಕೆ ಇತ್ತು. ಆಮ್ಲಜನಕ ಕಡಿಮೆಯಾದದ್ದು ಬಾವಿಗೆ ಇಳಿದವನಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಹೊರಗಿನ ಸಾಧನವೊಂದು ಅವನ ಪರವಾಗಿ ನೋಡಿ ಹೇಳಬೇಕು.

ಉಸಿರು ಕಟ್ಟಿದಾಗ ನಮಗೆ ಆಗುವ ತಳಮಳ ಆಮ್ಲಜನಕದ ಕೊರತೆಯಿಂದ ಬರುವುದಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮೆದುಳು ಕೂಗಿಕೊಳ್ಳುತ್ತದೆ. ಆ ಅನಿಲವನ್ನು ತೆಗೆದುಹಾಕಿ, ಆಮ್ಲಜನಕವನ್ನೂ ಮೆಲ್ಲಗೆ ಇಳಿಸುತ್ತ ಹೋದರೆ ಮನುಷ್ಯ ಏದುಸಿರಿಲ್ಲದೆ, ಹೆದರಿಕೆಯಿಲ್ಲದೆ, ಕೆಲವೊಮ್ಮೆ ಹಗುರಾದ ಖುಷಿಯಲ್ಲೇ ಕುಸಿಯುತ್ತಾನೆ. ರಿಬ್ರೀದರ್ ಕಲಿಯಬೇಕೆನ್ನುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಬಿಟ್ಟ ಉಸಿರನ್ನೇ ಮತ್ತೆ ಉಸಿರಾಡಲು ಕೊಡುವ ಈ ಯಂತ್ರ ಕೆಲಸ ಮಾಡುವುದೇ ಇಂಗಾಲದ ಡೈಆಕ್ಸೈಡನ್ನು ತೆಗೆದುಹಾಕುವ ಮೂಲಕ. ಅಂದರೆ ದೇಹಕ್ಕಿರುವ ಒಂದೇ ಎಚ್ಚರಿಕೆ ಗಂಟೆಯನ್ನು ಅದು ತನ್ನ ಕೆಲಸದ ಭಾಗವಾಗಿಯೇ ಕಳಚಿಡುತ್ತದೆ.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಅಮ್ಮಾಜಾನ್-ಬಾವಾಜಾನ್ ದರ್ಗಾಕ್ಕೆ ಹೆಸರಾದ ಊರು. ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದೂ ಇಲ್ಲ. ಸಾವಿರ ಅಡಿ ಕೊರೆದರೂ ಕೊಳವೆಬಾವಿ ಕೈಕೊಡುವ ನೆಲದಿಂದ ಸಮುದ್ರದಾಳದ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ಕರಾವಳಿಯಲ್ಲಿ ಹುಟ್ಟಿದವರಷ್ಟೇ ಡೈವರ್ ಆಗಬೇಕೆಂದು ಎಲ್ಲೂ ಬರೆದಿಲ್ಲ. ಬೆನ್ನಿಗೆ ಸೋರೆಬುರುಡೆಯನ್ನೋ ಪ್ಲಾಸ್ಟಿಕ್ ಕ್ಯಾನನ್ನೋ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರು ಇಂದು ಗೋವಾದಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಮಾಡಿ ಬಂದು ಮುಂದೇನು ಎಂದು ಕೇಳುತ್ತಾರೆ. ಈ ಬರಹ ಅವರಿಗಾಗಿ.

ಯಂತ್ರ ಮಾಡುವ ಕೆಲಸ

ನಾವು ಒಳಗೆಳೆದ ಗಾಳಿಯಲ್ಲಿ 21 ಪಾಲು ಆಮ್ಲಜನಕ ಇದ್ದರೆ ಹೊರಬಿಟ್ಟ ಗಾಳಿಯಲ್ಲಿ ಇನ್ನೂ 16–17 ಪಾಲು ಉಳಿದಿರುತ್ತದೆ. ಸಾಮಾನ್ಯ ಸ್ಕೂಬಾದಲ್ಲಿ ಅದೆಲ್ಲ ಗುಳ್ಳೆಯಾಗಿ ಮೇಲೆ ಹೋಗಿ ವ್ಯರ್ಥವಾಗುತ್ತದೆ. ಆಳಕ್ಕೆ ಹೋದಷ್ಟೂ ನಷ್ಟ ಹೆಚ್ಚು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಕೂಡುತ್ತದೆ. 30 ಮೀಟರಿನಲ್ಲಿ ಒಟ್ಟು 4 ಬಾರ್. ಅಲ್ಲಿ ಒಂದೊಂದು ಉಸಿರಿಗೂ ಸಿಲಿಂಡರಿನಿಂದ ದಡದಲ್ಲಿ ಬೇಕಾದದ್ದರ ನಾಲ್ಕು ಪಟ್ಟು ಗಾಳಿ ಖಾಲಿಯಾಗುತ್ತದೆ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 2,400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ದಡದ ಲೆಕ್ಕದಲ್ಲಿ ಅದು ಎರಡು ಗಂಟೆ ಬಂದರೆ 30 ಮೀಟರಿನಲ್ಲಿ ಅರ್ಧ ಗಂಟೆ. ಅದರಲ್ಲೂ ಮೇಲೆ ಬರಲು ಒಂದಿಷ್ಟು ಉಳಿಸಿಕೊಳ್ಳಬೇಕು.

ಆದರೆ ದೇಹ ನಿಜವಾಗಿ ಸುಡುವ ಆಮ್ಲಜನಕ ಆಳದ ಜೊತೆ ಏರುವುದಿಲ್ಲ. ಸಾಧಾರಣವಾಗಿ ಈಜುವವನಿಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಸಾಕು, ಅದು 5 ಮೀಟರಿನಲ್ಲಾದರೂ 50 ಮೀಟರಿನಲ್ಲಾದರೂ ಅಷ್ಟೇ. 3 ಲೀಟರಿನ ಪುಟ್ಟ ಸಿಲಿಂಡರಿನಲ್ಲಿ 600 ಲೀಟರ್ ಆಮ್ಲಜನಕ ಹಿಡಿಯುತ್ತದೆ. ಲೆಕ್ಕದ ಮಟ್ಟಿಗೆ ಹತ್ತು ಗಂಟೆ. ರಿಬ್ರೀದರ್ ಹುಟ್ಟಿದ್ದು ಈ ಲೆಕ್ಕದಿಂದ. ಬಿಟ್ಟ ಉಸಿರು ಹೊರಗೆ ಹೋಗದೆ ಕೊಳವೆಯ ಮೂಲಕ ಎದೆಯ ಅಥವಾ ಬೆನ್ನ ಮೇಲಿನ ಚೀಲಕ್ಕೆ, ಅಲ್ಲಿಂದ ಸ್ಕ್ರಬರ್ ಎಂಬ ಡಬ್ಬಿಗೆ ಹೋಗುತ್ತದೆ. ಡಬ್ಬಿಯಲ್ಲಿರುವ ಸೋಡಾ ಲೈಮ್ ಹರಳುಗಳು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಹಾಲಿನಂತಾಗುವುದನ್ನು ಶಾಲೆಯಲ್ಲಿ ಎಲ್ಲರೂ ಕಂಡಿದ್ದೇವೆ. ಇಲ್ಲಿ ನಡೆಯುವುದೂ ಅದೇ ರಸಾಯನ ಕ್ರಿಯೆ, ಸುಣ್ಣ ಸುಣ್ಣಕಲ್ಲಾಗುತ್ತದೆ. ಜೊತೆಗೆ ಶಾಖವೂ ತೇವವೂ ಹುಟ್ಟುವುದರಿಂದ ಉಸಿರು ಬೆಚ್ಚಗೆ ಬರುತ್ತದೆ. ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಅರಿವಳಿಕೆ ಯಂತ್ರಕ್ಕೆ ತಗುಲಿಸಿರುವ ಪಾರದರ್ಶಕ ಡಬ್ಬಿಯಲ್ಲಿ ಕಾಣುವ ಹರಳುಗಳೂ ಇವೇ.

ಹೀಗೆ ಶುದ್ಧವಾದ ಗಾಳಿಗೆ ಖರ್ಚಾದಷ್ಟು ಆಮ್ಲಜನಕವನ್ನು ಸೇರಿಸಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ಸೆನ್ಸರ್‌ಗಳಿರುತ್ತವೆ. ಅವು ಆಮ್ಲಜನಕದ ಒತ್ತಡವನ್ನು ಅಳೆದು ಹೇಳಿದಂತೆ ಒಂದು ವಿದ್ಯುತ್ ಕವಾಟ ತೆರೆದು ಮುಚ್ಚುತ್ತದೆ. ಇನ್ನೊಂದು ಪುಟ್ಟ ಸಿಲಿಂಡರಿನಲ್ಲಿ ಡೈಲ್ಯೂಯೆಂಟ್ ಇರುತ್ತದೆ, ಕಲಿಯುವವರಿಗೆ ಸಾದಾ ಗಾಳಿಯೇ. ಕೆಳಗಿಳಿಯುವಾಗ ಕುಗ್ಗುವ ಚೀಲವನ್ನು ಅದು ತುಂಬುತ್ತದೆ.

ಇದು ಹೊಸ ಯೋಚನೆಯೂ ಅಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲಿ ಇಂಥ ಸಾಧನ ಮಾಡಿದ್ದ. ಎರಡು ವರ್ಷದ ನಂತರ, ನೀರು ನುಗ್ಗಿ ತುಂಬಿದ್ದ ಸೆವರ್ನ್ ನದಿಯಡಿಯ ಸುರಂಗದಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಡೈವರ್ ಅದನ್ನು ತೊಟ್ಟು, ಕತ್ತಲ ನೀರಿನಲ್ಲಿ ಸಾವಿರ ಅಡಿಯಷ್ಟು ಒಳಗೆ ಹೋಗಿ ಕಬ್ಬಿಣದ ಬಾಗಿಲು ಮುಚ್ಚಿ ಬಂದ. ಆಳದ ಗಣಿಗಳಲ್ಲಿ ಬೆಂಕಿ ಬಿದ್ದಾಗ ಇಳಿಯುವ ರಕ್ಷಣಾ ತಂಡದವರು ಬೆನ್ನಿಗೆ ಹಾಕಿಕೊಳ್ಳುವುದೂ ಇದೇ ವಂಶದ ಯಂತ್ರವನ್ನು. ಹವ್ಯಾಸಿ ಡೈವರ್‌ಗಳ ಕೈಗೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು 1997ರಲ್ಲಿ ಇನ್‌ಸ್ಪಿರೇಷನ್ ಎಂಬ ಬ್ರಿಟಿಷ್ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ.

ತಪ್ಪುವುದು ಎಲ್ಲಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕೋರ್ಸಿನ ಹಣ ಕಟ್ಟುವ ಮೊದಲು ನಿರ್ಧಾರ ಮಾಡಬೇಕಾದ ಜಾಗ ಇದೇ.

ಮೊದಲನೆಯದು ಆಮ್ಲಜನಕ ಕಡಿಮೆಯಾಗುವುದು. ಸಿಲಿಂಡರಿನ ಕವಾಟ ತೆರೆಯಲು ಮರೆತರೆ, ಬ್ಯಾಟರಿ ಸತ್ತರೆ, ವಿದ್ಯುತ್ ಕವಾಟ ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಚೀಲದಲ್ಲಿರುವ ಆಮ್ಲಜನಕವನ್ನು ದೇಹ ಸುಡುತ್ತ ಹೋಗುತ್ತದೆ, ಉಸಿರು ಮಾತ್ರ ಸಲೀಸಾಗಿ ಆಡುತ್ತಲೇ ಇರುತ್ತದೆ. ಒಂದು ಲೆಕ್ಕ ನೋಡಿ. 20 ಮೀಟರ್ ಆಳದಲ್ಲಿ ಒತ್ತಡ 3 ಬಾರ್. ಅಲ್ಲಿ ನಿಮ್ಮ ಉಸಿರಿನಲ್ಲಿ ಆಮ್ಲಜನಕದ ಒತ್ತಡ 0.4 ಬಾರ್ ಇದೆ ಎನ್ನೋಣ. ದಡದ ಗಾಳಿಯಲ್ಲಿರುವ 0.21ಕ್ಕಿಂತ ಇದು ಹೆಚ್ಚು, ನಿಮಗೆ ಆರಾಮಾಗಿಯೇ ಇರುತ್ತದೆ. ಹೊಸ ಆಮ್ಲಜನಕ ಬರದೆ ಅದೇ ಗಾಳಿಯೊಂದಿಗೆ ಮೇಲೆ ಬಂದರೆ ನೀರಿನ ಮಟ್ಟ ತಲುಪುವ ಹೊತ್ತಿಗೆ ಅದು 0.13ಕ್ಕೆ ಇಳಿದಿರುತ್ತದೆ. ದಾರಿಯಲ್ಲಿ ದೇಹ ಸುಟ್ಟದ್ದನ್ನೂ ಕಳೆದರೆ ಇನ್ನೂ ಕಡಿಮೆ. ದೋಣಿ ಕಣ್ಣಿಗೆ ಕಾಣುತ್ತಿರುವಾಗಲೇ ಪ್ರಜ್ಞೆ ಹೋಗುತ್ತದೆ.

ಎರಡನೆಯದು ಇದರ ತದ್ವಿರುದ್ಧ. ಕವಾಟ ತೆರೆದೇ ಉಳಿದು ಆಮ್ಲಜನಕ ನುಗ್ಗಿದರೆ ಅದೇ ವಿಷ. ನೀರಿನಡಿಯಲ್ಲಿ 1.6 ಬಾರ್ ದಾಟಬಾರದೆಂಬುದು ಒಪ್ಪಿತ ಮಿತಿ. ಶುದ್ಧ ಆಮ್ಲಜನಕವಾದರೆ ಬರೀ 6 ಮೀಟರಿಗೇ ಆ ಮಿತಿ ಮುಟ್ಟುತ್ತದೆ. ಮೀರಿದರೆ ಮೂರ್ಛೆ ರೋಗದವರಿಗೆ ಬರುವಂಥ ಸೆಳೆತ, ಬಹಳ ಸಲ ಯಾವ ಮುನ್ಸೂಚನೆಯೂ ಇಲ್ಲದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಇದನ್ನು ಒತ್ತಡದ ಕೋಣೆಯೊಳಗೆ ಕುಳಿತು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು, ಸೆಳೆತದ ರಭಸಕ್ಕೆ ಅವರ ಬೆನ್ನುಮೂಳೆಗೇ ಪೆಟ್ಟಾಯಿತು. ಆ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇಂದು ಡೈವಿಂಗ್ ಪಾಠದಲ್ಲಿ ನಾವು ಬಾಯಿಪಾಠ ಮಾಡುವ ಮಿತಿಗಳ ಹಿಂದೆ ಅಂಥವರ ದೇಹದ ನೋವಿದೆ.

ಮೂರನೆಯದು ಸುಣ್ಣದ ಡಬ್ಬಿ ಸೋಲುವುದು. ಹರಳನ್ನು ಸಡಿಲವಾಗಿ ತುಂಬಿದರೆ ಗಾಳಿ ಸಂದಿಯಲ್ಲಿ ನುಸುಳಿ ಶುದ್ಧವಾಗದೆ ವಾಪಸು ಬರುತ್ತದೆ. ಡಬ್ಬಿಯ ರಬ್ಬರ್ ಉಂಗುರ ಕೂರದಿದ್ದರೂ, ಹರಳಿನ ಆಯಸ್ಸು ಮುಗಿದಿದ್ದರೂ ಹೀಗೇ. ಆಗ ಏದುಸಿರು, ತಲೆನೋವು, ದಿಗಿಲು. ಎಚ್ಚರಿಕೆ ಇದೆಯಲ್ಲ ಎಂದುಕೊಳ್ಳಬೇಡಿ. ದಿಗಿಲು ಹತ್ತಿದ ಮೇಲೆ ಬಾಯಿಂದ ಕೊಳವೆ ತೆಗೆದು ಬೇರೆ ಗಾಳಿಗೆ ಬದಲಾಯಿಸುವ ಆ ಎರಡು ಸೆಕೆಂಡನ್ನೂ ದೇಹ ಕೊಡಲೊಪ್ಪುವುದಿಲ್ಲ. ಡಬ್ಬಿ ಸೋಲದೆಯೂ ಈ ಅನಿಲ ದೇಹದಲ್ಲಿ ಏರಬಹುದು. 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಬೂಸ್ಮನ್ಸ್‌ಗಾಟ್ ಎಂಬ ನೀರುತುಂಬಿದ ಗುಹೆಯಲ್ಲಿ ಡೇವಿಡ್ ಶಾ ಎಂಬ ಅನುಭವಿ ಡೈವರ್ 270 ಮೀಟರ್ ಆಳಕ್ಕೆ ರಿಬ್ರೀದರ್‌ನಲ್ಲಿ ಇಳಿದ. ಹತ್ತು ವರ್ಷದ ಹಿಂದೆ ಅಲ್ಲಿ ಸತ್ತ ಯುವಕನ ದೇಹವನ್ನು ಮೇಲೆ ತರಬೇಕಿತ್ತು. ಕೆಲಸದ ದಣಿವಿಗೆ ಉಸಿರು ಜೋರಾಯಿತು, ಆ ಆಳದ ದಟ್ಟ ಗಾಳಿಯನ್ನು ತಳ್ಳಲು ಶ್ವಾಸಕೋಶಕ್ಕೆ ಆಗಲಿಲ್ಲ, ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿದು ಅವನೂ ಅಲ್ಲೇ ತೀರಿಕೊಂಡ.

ಇದರ ಜೊತೆ ನೀರು ಡಬ್ಬಿಗೆ ನುಗ್ಗಿದರೆ ಸುಣ್ಣದ ಕ್ಷಾರ ಕಲೆತ ನೀರು ಬಾಯಿಗೆ ಬಂದು ಗಂಟಲು ಸುಡುತ್ತದೆ. ಆದ್ದರಿಂದಲೇ ನೀರಿನಲ್ಲಿ ಬಾಯಿಕೊಳವೆ ತೆಗೆಯುವ ಮೊದಲು ಅದರ ಕವಾಟ ಮುಚ್ಚುವುದನ್ನು ಕೈಗೆ ಅಭ್ಯಾಸವಾಗುವ ತನಕ ಮಾಡಿಸುತ್ತಾರೆ.

ಆಸ್ಟ್ರೇಲಿಯದ ವೈದ್ಯ ಆಂಡ್ರ್ಯೂ ಫಾಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1998ರಿಂದ 2010ರ ನಡುವಿನ 181 ರಿಬ್ರೀದರ್ ಸಾವುಗಳ ದಾಖಲೆ ಇದೆ. ಸಾಮಾನ್ಯ ಸ್ಕೂಬಾಕ್ಕಿಂತ ಸಾವಿನ ಅಪಾಯ ನಾಲ್ಕರಿಂದ ಹತ್ತು ಪಟ್ಟು ಹೆಚ್ಚೆಂದು ಅವರ ಅಂದಾಜು. ನಾನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಧೈರ್ಯ ಹೆಚ್ಚಿರುವವರಿಗಿಂತ ಪಟ್ಟಿ ಹಿಡಿದು ಒಂದೊಂದೇ ಗುರುತು ಹಾಕುವ ತಾಳ್ಮೆ ಇರುವವರಿಗೆ ಈ ಯಂತ್ರ ಒಲಿಯುತ್ತದೆ. ಗ್ಯಾಸ್ ಸಿಲಿಂಡರ್ ಆಫ್ ಮಾಡಿದೆನೇ ಎಂದು ಮತ್ತೆ ಎದ್ದು ಹೋಗಿ ನೋಡುವ ಸ್ವಭಾವದವರು ನೀವಾದರೆ ಅರ್ಧ ಅರ್ಹತೆ ಬಂದಂತೆ.

ನಿಮಗೆ ಬೇಕೇ?

ಗುಳ್ಳೆಯಿಲ್ಲದ್ದರಿಂದ ಸದ್ದಿಲ್ಲ, ಮೀನುಗಳು ಓಡುವುದಿಲ್ಲ. ನೀರಿನಡಿಯ ಛಾಯಾಗ್ರಾಹಕರೂ ಕಡಲ ಜೀವಶಾಸ್ತ್ರಜ್ಞರೂ ಇದನ್ನು ಬಯಸುವುದು ಅದಕ್ಕೇ. 2013ರಲ್ಲಿ ಲೋರಾಂ ಬಾಲೆಸ್ಟಾ ಅವರ ಫ್ರೆಂಚ್ ತಂಡ ದಕ್ಷಿಣ ಆಫ್ರಿಕದ ಸೊಡ್ವಾನಾ ಕೊಲ್ಲಿಯಲ್ಲಿ 120 ಮೀಟರ್ ಆಳದಲ್ಲಿ ಸೀಲಕಾಂತ್ ಎಂಬ ಪ್ರಾಚೀನ ಮೀನಿನ ಪಕ್ಕದಲ್ಲೇ ನಿಂತು ಚಿತ್ರೀಕರಿಸಿದ್ದು ರಿಬ್ರೀದರ್‌ಗಳ ಬಲದಿಂದ. ಮೀನು, ಮುಳುಗಿದ ಹಡಗು, ಗುಹೆ, ಹೆಚ್ಚಿನ ಆಳ ಇವುಗಳ ಹುಚ್ಚು ಇದ್ದರೆ ಇದು ನಿಮ್ಮ ಯಂತ್ರ.

ಆದರೆ ನಮ್ಮ ಜಿಲ್ಲೆಯ ಯುವಕರು ಇನ್ನೊಂದು ಕಾರಣಕ್ಕೂ ಕೇಳುತ್ತಾರೆ. ಕಲ್ಲುಕ್ವಾರಿಯ ಹೊಂಡ, ಕೃಷಿಹೊಂಡ, ಕೆರೆಗಳಲ್ಲಿ ಮುಳುಗಿದವರನ್ನು ಹುಡುಕಲು ಊರಲ್ಲೇ ಒಬ್ಬ ತರಬೇತಾದ ಡೈವರ್ ಇದ್ದರೆ ಚೆನ್ನ ಎಂಬ ಒಳ್ಳೆಯ ಆಸೆ ಅದು. ಆ ಕೆಲಸಕ್ಕೆ ರಿಬ್ರೀದರ್ ತಪ್ಪು ಸಾಧನ. ಕೆಸರು ನೀರಿನಲ್ಲಿ ಸೆನ್ಸರ್‌ಗಳ ಅಂಕಿ ತೋರಿಸುವ ಕೈಯ ಮೀಟರು ಕಣ್ಣಿಗೆ ಕಾಣದು, ಕಾಣದ ಮೀಟರನ್ನು ನಂಬಿ ಉಸಿರಾಡುವಂತಿಲ್ಲ. ಹತ್ತಿಪ್ಪತ್ತು ಮೀಟರಿನ ಹೊಂಡಕ್ಕೆ ದಡದ ಕಂಪ್ರೆಸರಿನಿಂದ ಉದ್ದ ಪೈಪಿನಲ್ಲಿ ಗಾಳಿ ಕೊಟ್ಟು, ಮುಖಪೂರ್ತಿ ಮುಚ್ಚುವ ಮಾಸ್ಕ್ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ, ಮಾತಿನ ತಂತಿ ಎಳೆದು ಇಳಿಸುವುದೇ ಸರಿಯಾದ ವಿಧಾನ. 2024ರ ಜುಲೈಯಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ನದಿ ಸೇರಿದಾಗ ನೌಕಾಪಡೆಯವರೂ ಉಡುಪಿ ಕಡೆಯ ಡೈವರ್ ಈಶ್ವರ ಮಲ್ಪೆ ಅವರೂ ಹುಡುಕಾಟಕ್ಕೆ ಇಳಿದದ್ದು ನೆನಪಿರಬಹುದು. ಅಲ್ಲಿ ಅಡ್ಡಿಯಾದದ್ದು ಸೆಳವು ಮತ್ತು ಮಣ್ಣು. ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ, ಡ್ರೆಜರ್ ಬಂದ ಮೇಲೆ. ಊರಿನ ರಕ್ಷಣೆಗೆ ಕಲಿಯುವುದಾದರೆ ಅಗ್ನಿಶಾಮಕ ಇಲಾಖೆಯ ಜೊತೆ ಕೂಡಿ ಹಗ್ಗ, ದೋಣಿ, ಪ್ರಥಮ ಚಿಕಿತ್ಸೆ ಕಲಿಯಿರಿ. ಹೆಚ್ಚು ಜೀವ ಉಳಿಯುವುದು ಅದರಿಂದ.

ಹಾಗೆಯೇ ಮನೆಗೆ ಹತ್ತಿರ ಎಂದು ಕ್ವಾರಿ ಹೊಂಡದಲ್ಲಿ ಅಭ್ಯಾಸ ಮಾಡುವ ಯೋಚನೆ ಬೇಡ. ನೇರ ಗೋಡೆ, ಗೊತ್ತಿಲ್ಲದ ಆಳ, ತಳದಲ್ಲಿ ಕಬ್ಬಿಣದ ಹಗ್ಗ, ದಡದಲ್ಲಿ ಯಾರೂ ಇಲ್ಲ. ಹೆಬ್ಬಾಳ-ನಾಗವಾರ ಯೋಜನೆಯ ನೀರು ತುಂಬಿದ ಕೆರೆಗಳೂ ಬೇಡ, ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು.

ದಾರಿ

ಈಜು ಬಂದೇ ಬರಬೇಕು. ಮೊದಲ ಸ್ಕೂಬಾ ಕೋರ್ಸಿಗೇ 200 ಮೀಟರ್ ನಿಲ್ಲದೆ ಈಜುವುದು, 10 ನಿಮಿಷ ತೇಲುವುದು ಕೇಳುತ್ತಾರೆ. ಬಾವಿಯಲ್ಲಿ ಕಲಿತವರು ಇದನ್ನು ಸುಲಭವಾಗಿ ದಾಟುತ್ತಾರೆ. ಆದರೆ ಅವರಿಗೆ ಒಂದು ಅಭ್ಯಾಸ ಬಿಡಿಸಬೇಕಾಗುತ್ತದೆ. ಉಸಿರು ಹಿಡಿದು ತಳದ ಕಲ್ಲು ತರುವುದು ಬಾವಿಯಲ್ಲಿ ಶೂರತನ. ಸಿಲಿಂಡರಿನ ಗಾಳಿ ಎಳೆದವನು ಉಸಿರು ಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಒಂದೆರಡು ಮೀಟರ್ ಏರಿಕೆಯೂ ಇದಕ್ಕೆ ಸಾಕು.

ವೈದ್ಯರ ಪರೀಕ್ಷೆ ಎರಡನೆಯದು. ಮೂರ್ಛೆ ರೋಗ, ಹೃದಯದ ತೊಂದರೆ, ಆಸ್ತಮಾ, ಕಿವಿಯ ತಮಟೆಯಲ್ಲಿ ತೂತು ಇದ್ದರೆ ಮುಚ್ಚಿಡಬೇಡಿ. ಫಾರಂನಲ್ಲಿ 'ಇಲ್ಲ' ಎಂದು ಗುರುತು ಹಾಕಿ ಕೋರ್ಸ್ ಗಿಟ್ಟಿಸುವುದು ತೀರಾ ಸುಲಭ, ಪರಿಣಾಮ ಅಷ್ಟೇ ಕೆಟ್ಟದ್ದು.

ಮೊದಲ ಕಡಲು ನಮಗೆ ನೇತ್ರಾಣಿ ದ್ವೀಪದ್ದು. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 20 ಕಿ.ಮೀ. ದೂರ, ಬೆಂಗಳೂರಿನಿಂದ ಮುರುಡೇಶ್ವರಕ್ಕೆ 500 ಕಿ.ಮೀ. ಹತ್ತಿರ, ರಾತ್ರಿ ಬಸ್ಸಿನಲ್ಲಿ ಕೂತರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮಳೆಗಾಲದಲ್ಲಿ ಬಂದ್, ಅಕ್ಟೋಬರಿನಿಂದ ಮೇ ತನಕ ಕಾಲ. ಮಾಸ್ಕ್ ಹಾಕಿ ಕೈಹಿಡಿದು ಅರ್ಧ ಗಂಟೆ ಇಳಿಸಿ ಫೋಟೊ ಕೊಡುವುದು ಬೇರೆ, ಕೋರ್ಸು ಬೇರೆ. ನಿಮಗೆ ಬೇಕಾದದ್ದು 18 ಮೀಟರ್ ತನಕ ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸು, ಅದಾದ ಮೇಲೆ 30 ಮೀಟರಿನ ಅಡ್ವಾನ್ಸ್ಡ್, ಬಳಿಕ ಆಮ್ಲಜನಕ ಹೆಚ್ಚಿಸಿದ ಗಾಳಿಯ ನೈಟ್ರಾಕ್ಸ್ ಕೋರ್ಸು. ಇವಿಲ್ಲದೆ ರಿಬ್ರೀದರ್ ತರಗತಿಗೆ ಸೇರಿಸಿಕೊಳ್ಳುವುದಿಲ್ಲ, ವಯಸ್ಸೂ 18 ಆಗಿರಬೇಕು. ಎಷ್ಟು ಡೈವ್ ಆಗಿರಬೇಕೆಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನನ್ನ ಮಾತು ಕೇಳುವುದಾದರೆ ಕನಿಷ್ಠ ನೂರು ಡೈವ್ ತನಕ ಕಾಯಿರಿ. ಸಾಮಾನ್ಯ ಸ್ಕೂಬಾದಲ್ಲಿ ಕೈಕಾಲು ತಾವಾಗಿ ಕೆಲಸ ಮಾಡುವ ಹಂತಕ್ಕೆ ಬಂದಿದ್ದರೆ ಮಾತ್ರ ಹೊಸ ಯಂತ್ರದ ಮೀಟರು ನೋಡಲು ತಲೆಯಲ್ಲಿ ಜಾಗ ಇರುತ್ತದೆ.

ರಿಬ್ರೀದರ್ ಕೋರ್ಸಿಗೆ ನಮ್ಮವರು ಹೆಚ್ಚಾಗಿ ಹೋಗುವುದು ಹೊರದೇಶಕ್ಕೆ. ಥಾಯ್ಲೆಂಡಿನ ಕೊ ತಾವೊ, ಈಜಿಪ್ಟಿನ ದಹಾಬ್ ಇದಕ್ಕೆ ಹೆಸರಾದ ಜಾಗಗಳು. ಇನ್ನೊಂದು ದಾರಿ ಸರ್ಕಾರದ್ದೇ: ನೌಕಾಪಡೆ. ಮಾರ್ಕೋಸ್ ಕಮಾಂಡೊಗಳು ಶತ್ರುವಿಗೆ ಗುಳ್ಳೆ ಕಾಣದಂತೆ ಸಾಗಲು ಇಂಥ ಯಂತ್ರ ಬಳಸುತ್ತಾರೆ, ಡೈವಿಂಗ್ ಶಾಲೆ ಕೊಚ್ಚಿಯಲ್ಲಿದೆ. ಪಿಯುಸಿ ಓದುತ್ತಿರುವ, ಗಟ್ಟಿ ದೇಹದ ಹುಡುಗ ಹುಡುಗಿಯರು ಮೊದಲು ಆ ಬಾಗಿಲು ತಟ್ಟಲಿ.

ತರಗತಿಯಲ್ಲಿ

ಪ್ರಮಾಣಪತ್ರ ಒಂದೊಂದು ಮಾದರಿಗೆ ಬೇರೆ ಬೇರೆ. ಒಂದರಲ್ಲಿ ಕಲಿತು ಇನ್ನೊಂದನ್ನು ತೊಡುವಂತಿಲ್ಲ. ಆದ್ದರಿಂದ ಮುಂದೆ ಯಾವ ಯಂತ್ರ ಬಳಸುವಿರೋ ಅದನ್ನೇ ಕಲಿಸುವ ಗುರುವನ್ನು ಹುಡುಕಿ. ಆ ಯಂತ್ರದಲ್ಲಿ ಅವರೇ ಎಷ್ಟು ಗಂಟೆ ನೀರಿನಲ್ಲಿದ್ದಾರೆ, ಒಂದು ತರಗತಿಗೆ ಎಷ್ಟು ಮಂದಿ ಎಂದು ಸಂಕೋಚವಿಲ್ಲದೆ ಕೇಳಿ. ಇಬ್ಬರಿಗಿಂತ ಹೆಚ್ಚು ಶಿಷ್ಯರಿದ್ದರೆ ಬೇರೆ ಕಡೆ ನೋಡಿ.

ಸಾಮಾನ್ಯವಾಗಿ ಐದಾರು ದಿನ. ಮೊದಲ ದಿನ ನೀರೇ ಇಲ್ಲ. ಯಂತ್ರ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ. ಡಬ್ಬಿಗೆ ಎರಡೂವರೆ ಕಿಲೋ ಆಸುಪಾಸಿನ ಹರಳು ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಸುರಿದು, ಪಕ್ಕಕ್ಕೆ ತಟ್ಟುತ್ತ, ಸಂದಿ ಉಳಿಯದಂತೆ ತುಂಬಬೇಕು. ತಯಾರಕರು ಹರಳಿನ ಬಾಳಿಕೆ ಮೂರು ಗಂಟೆ ಎಂದಿದ್ದರೆ ಅದು ಮೂರು ಗಂಟೆಯೇ. ಹರಳಿನ ಬಣ್ಣ ಇನ್ನೂ ಬದಲಾಗಿಲ್ಲವಲ್ಲ ಎಂದು ಎಳೆಯಬೇಡಿ, ಬಣ್ಣ ನಂಬುವಂಥದ್ದಲ್ಲ. ಆಮೇಲೆ ಒಳಗೆ ಗಾಳಿ ತುಂಬಿ ಸೋರುತ್ತದೆಯೇ, ಗಾಳಿ ಎಳೆದು ಚೀಲ ಕುಗ್ಗಿದಂತೆಯೇ ನಿಲ್ಲುತ್ತದೆಯೇ ಎಂಬ ಎರಡು ಪರೀಕ್ಷೆ. ಕೊನೆಗೆ ಕುಳಿತಲ್ಲೇ, ಮೂಗು ಮುಚ್ಚಿ, ಮೀಟರಿನ ಮೇಲೆ ಕಣ್ಣಿಟ್ಟು ಐದು ನಿಮಿಷ ಉಸಿರಾಟ. ಆಮ್ಲಜನಕ ಸರಿಯಾಗಿ ಬರುತ್ತಿದೆಯೇ ಎಂದು ತಿಳಿಯಲು ಇದು ಚೆನ್ನ. ಸುಣ್ಣದ ಡಬ್ಬಿಯ ದೋಷವನ್ನು ಮಾತ್ರ ಇದು ಯಾವಾಗಲೂ ಹಿಡಿಯುವುದಿಲ್ಲ, ಅದಕ್ಕೆ ತುಂಬುವಾಗಿನ ಶ್ರದ್ಧೆಯೇ ಗತಿ.

ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಮನೆಯಲ್ಲಿ ಆಡುವ ಮಾತಿನಲ್ಲಿ, ಕನ್ನಡವೋ ತೆಲುಗೋ ಉರ್ದುವೋ, ನಿಮ್ಮ ಕೈಬರಹದಲ್ಲಿ ಬರೆದುಕೊಂಡು ಗುರುವಿಗೆ ಅರ್ಥ ಹೇಳಿ ಒಪ್ಪಿಸಿ, ಲ್ಯಾಮಿನೇಟ್ ಮಾಡಿಸಿ. ಪ್ರತಿ ಸಲವೂ ಅದನ್ನು ನೋಡಿಕೊಂಡೇ ಮಾಡಿ, ನೆನಪಿನಿಂದಲ್ಲ. ಗುರುತು ಹಾಕುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ.

ನೀರಿಗಿಳಿದಾಗ ಹಳೇ ಡೈವರ್‌ಗೆ ಮುಜುಗರ ಕಾದಿರುತ್ತದೆ. ಸ್ಕೂಬಾದಲ್ಲಿ ಉಸಿರೆಳೆದರೆ ದೇಹ ತುಸು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಇಲ್ಲಿ ಶ್ವಾಸಕೋಶದಿಂದ ಹೋದ ಗಾಳಿ ಚೀಲದಲ್ಲೇ ಇರುವುದರಿಂದ ಏನೂ ಆಗುವುದಿಲ್ಲ. ತೇಲುವಿಕೆಯ ಸಮತೋಲವನ್ನು ಹೊಸದಾಗಿ ಕಲಿಯಬೇಕು. ಬಾಕಿ ಸಮಯವೆಲ್ಲ ಕೆಡುಕಿನ ಅಭ್ಯಾಸ. ಕವಾಟ ತೆರೆದೇ ಉಳಿಯಿತು, ಏನು ಮಾಡುವೆ? ಒಂದು ಸೆನ್ಸರ್ ಉಳಿದೆರಡಕ್ಕಿಂತ ಬೇರೆ ಹೇಳುತ್ತಿದೆ, ಯಾವುದನ್ನು ನಂಬುವೆ? ಆಗ ಡೈಲ್ಯೂಯೆಂಟನ್ನು ಚೀಲಕ್ಕೆ ಪೂರ್ತಿ ಹರಿಸಬೇಕು. 20 ಮೀಟರಿನಲ್ಲಿ ಸಾದಾ ಗಾಳಿ ಹರಿಸಿದರೆ ಮೀಟರು 0.63 ತೋರಿಸಬೇಕು, ಅದನ್ನು ತೋರಿಸಿದ ಸೆನ್ಸರ್ ಸದ್ಯಕ್ಕೆ ನಂಬಿಗಸ್ತ. ಎಲ್ಲ ಪಾಠಕ್ಕೂ ಮೇಲೆ ಒಂದು ಪಾಠ: ಅನುಮಾನ ಬಂದ ಕೂಡಲೇ, ತುರ್ತಿಗೆಂದು ಪಕ್ಕದಲ್ಲಿ ತೂಗುವ ಬೇಲ್‌ಔಟ್ ಸಿಲಿಂಡರಿನ ಗಾಳಿಗೆ ಬದಲಾಗಿ ಮೇಲೆ ಬಾ. ಕಾರಣ ಹುಡುಕುವುದು ದೋಣಿಯ ಮೇಲೆ. ಮೊದಲ ಹಂತದ ಅರ್ಹತೆ ಕೆಲವು ಸಂಸ್ಥೆಗಳಲ್ಲಿ 18 ಮೀಟರ್, ಕೆಲವಲ್ಲಿ 30 ಮೀಟರ್ ತನಕ.

ಪ್ರಸ್ಥಭೂಮಿಯವರು ಗಮನಿಸಬೇಕಾದದ್ದು

ಕಡಲ ದಡದ ಪುಸ್ತಕಗಳು ಹೇಳದ ಕೆಲವು ಮಾತು ನಮ್ಮ ಊರಿಗೆ ಬೇಕು. ಚಿಂತಾಮಣಿ ಸಮುದ್ರಮಟ್ಟದಿಂದ 850 ಮೀಟರಿಗೂ ತುಸು ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ ಸುಮಾರು 0.91 ಬಾರ್. ಮನೆಯಲ್ಲಿ ಸೆನ್ಸರ್ ಹೊಂದಿಸುವಾಗ ಶುದ್ಧ ಆಮ್ಲಜನಕ ಹರಿಸಿದರೆ ನಿಜವಾದ ಓದು 0.91, 1.0 ಅಲ್ಲ. ಒತ್ತಡವನ್ನು ತಾನೇ ಅಳೆದುಕೊಳ್ಳುವ ಯಂತ್ರಕ್ಕೆ ಇದು ಗೊತ್ತಾಗುತ್ತದೆ. ನೀವೇ ಅಂಕಿ ಕೊಡಬೇಕಾದ ಯಂತ್ರದಲ್ಲಿ 1.0 ಎಂದು ಒತ್ತಿದರೆ ಮುಂದೆ ಅದು 1.3 ತೋರಿಸುವಾಗ ನಿಜ 1.2ಕ್ಕೂ ಕಡಿಮೆ ಇರುತ್ತದೆ. ಡೈವಿನ ಲೆಕ್ಕವೆಲ್ಲ ಅಷ್ಟರ ಮಟ್ಟಿಗೆ ತಪ್ಪು. ದಡ ತಲುಪಿದ ಮೇಲೆ ಹೊಂದಿಸುವುದೇ ಒಳ್ಳೆಯದು.

ಇನ್ನೊಂದು, ವಾಪಸು ಬರುವ ಬಸ್ಸು. ಡೈವ್ ಮುಗಿಸಿದ ದೇಹದಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ. ತಕ್ಷಣ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ವಿಮಾನ ಹತ್ತುವ ಮೊದಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಆ ನಿಯಮ 2,000 ಅಡಿ, ಅಂದರೆ 610 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಘಟ್ಟ ಹತ್ತಿ ಬೆಂಗಳೂರು ದಾಟಿ ಮುರುಗಮಲ್ಲಕ್ಕೆ ಬರುವ ದಾರಿ ಅದಕ್ಕಿಂತ ಎತ್ತರ. ಮಧ್ಯಾಹ್ನ ನೇತ್ರಾಣಿಯಲ್ಲಿ ಡೈವ್ ಮುಗಿಸಿ ಅದೇ ಸಂಜೆ ಬಸ್ಸು ಹತ್ತಬೇಡಿ. ಒಂದು ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಮಾರನೆಯ ದಿನ ಹೊರಡಿ. ರಿಬ್ರೀದರ್‌ನಲ್ಲಿ ಡೈವ್ ಉದ್ದವಾಗುವುದರಿಂದ ಈ ಮಾತಿಗೆ ಇನ್ನೂ ತೂಕ ಬರುತ್ತದೆ.

ತಲೆಗೆ ಹಚ್ಚಿದ ಕೊಬ್ಬರಿಎಣ್ಣೆಯ ಕೈಯಲ್ಲಿ ಆಮ್ಲಜನಕದ ಸಿಲಿಂಡರು, ರೆಗ್ಯುಲೇಟರು ಮುಟ್ಟಬಾರದು. ಹೆಚ್ಚು ಒತ್ತಡದ ಆಮ್ಲಜನಕಕ್ಕೆ ಎಣ್ಣೆ, ಗ್ರೀಸು ಸೋಕಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಸೋಪಿನಿಂದ ಕೈ ತೊಳೆದು, ಕವಾಟವನ್ನು ಮೆಲ್ಲನೆ ತೆರೆಯಿರಿ. ಸಿಲಿಂಡರಿನ ಪರೀಕ್ಷೆ, ತುಂಬಿಸುವಿಕೆ ಕೇಂದ್ರ ಸರ್ಕಾರದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತದೆ. ವೆಲ್ಡಿಂಗ್ ಅಂಗಡಿಯ ಸಿಲಿಂಡರಿನಿಂದ ತುಂಬಿಸಿಕೊಳ್ಳುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ.

ಹಣ, ಮತ್ತು ಆಮೇಲೆ

ಓಪನ್ ವಾಟರ್ ಕೋರ್ಸಿಗೆ ನಮ್ಮ ದೇಶದಲ್ಲಿ 25ರಿಂದ 35 ಸಾವಿರ ರೂಪಾಯಿ. ರಿಬ್ರೀದರ್ ಕೋರ್ಸು ಲಕ್ಷ ದಾಟುತ್ತದೆ, ವಿಮಾನ, ವಸತಿ ಬೇರೆ. ಹೊಸ ಯಂತ್ರ ಐದಾರು ಲಕ್ಷದಿಂದ ಹತ್ತು ಲಕ್ಷದ ಮೇಲೆ ಹೋಗುತ್ತದೆ, ಅದರ ಮೇಲೆ ಕಸ್ಟಮ್ಸ್ ಸುಂಕ. ಮೊದಲ ಒಂದೆರಡು ವರ್ಷ ಕೊಳ್ಳಬೇಡಿ. ಕಲಿತ ಕಡೆಯೇ ಬಾಡಿಗೆಗೆ ಪಡೆದು, ಅದೇ ಆಳದಲ್ಲಿ, ಅದೇ ಗುರುವಿನ ಕಣ್ಣಳತೆಯಲ್ಲಿ ಗಂಟೆಗಳನ್ನು ಕೂಡಿಸಿ. ಆರು ತಿಂಗಳು ನೀರಿಗಿಳಿಯದಿದ್ದರೆ ಹಣ ಕೊಟ್ಟಾದರೂ ಒಂದು ದಿನದ ಮರುಪಾಠ ಮಾಡಿ. ಸೆಕೆಂಡ್ ಹ್ಯಾಂಡ್ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಂಡವರು ಅದನ್ನು ಕಾರ್ಖಾನೆಗೆ ಕಳಿಸಿ ಪೂರ್ತಿ ಸರ್ವಿಸ್ ಮಾಡಿಸದೆ ತೊಡುವಂತಿಲ್ಲ.

ಪ್ರತಿ ದಿನದ ಡೈವ್ ಮುಗಿದ ಮೇಲೆ ಒಂದು ಗಂಟೆ ಯಂತ್ರಕ್ಕೆ. ಬೆಚ್ಚನೆಯ ತೇವ ತುಂಬಿದ ಕೊಳವೆಯಲ್ಲಿ ಬೂಸು, ಸೋಂಕು ಬೇಗ ಬೆಳೆಯುತ್ತದೆ. ಆದ್ದರಿಂದ ಸೋಂಕುನಿವಾರಕದಲ್ಲಿ ನೆನೆಸಿ, ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ತೂಗುಹಾಕಬೇಕು. ಬಳಸಿದ ಹರಳನ್ನು ಮತ್ತೆ ಡಬ್ಬಿಗೆ ಹಾಕಬಾರದು, ಉಳಿದ ಹೊಸ ಹರಳಿನ ಕ್ಯಾನನ್ನು ಗಾಳಿಯಾಡದಂತೆ ಬಿಗಿಯಬೇಕು. ಸೆನ್ಸರ್‌ಗಳು ಬಳಸದೆ ಇಟ್ಟರೂ ಸವೆಯುತ್ತವೆ, ಒಂದರಿಂದ ಒಂದೂವರೆ ವರ್ಷ ಅವುಗಳ ಬಾಳಿಕೆ. ಪೊಟ್ಟಣ ಒಡೆದ ದಿನವೇ ಪ್ರತಿಯೊಂದರ ಮೇಲೂ ಅಳಿಸದ ಪೆನ್ನಿನಲ್ಲಿ ತಾರೀಖು ಬರೆಯಿರಿ. ಮೂರನ್ನೂ ಒಂದೇ ದಿನ ಕೊಳ್ಳಬೇಡಿ, ಒಂದೇ ಬ್ಯಾಚಿನವು ಒಟ್ಟಿಗೇ ಸೋತರೆ ಮೂರೂ ಒಂದೇ ತಪ್ಪು ಅಂಕಿಯನ್ನು ತೋರಿಸುತ್ತವೆ, ಯಂತ್ರ ಅದನ್ನು ಸರಿಯೆಂದೇ ತಿಳಿಯುತ್ತದೆ.